ಬೆಟ್ಟದ ತಪ್ಪಲಿನ ಜಮೀನು ಯಾರದು?

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಂದಿಬೆಟ್ಟದ ತಪ್ಪಲಿನವರೆಗೂ ಲೇಔಟು, ರೆಸಾರ್ಟು ಹಬ್ಬಿವೆ. ಇಳಿಜಾರು ಅಗೆದರೆ ಮಣ್ಣು ಸಡಿಲವಾಗಿ ಕೆಳಗಿನ ಕೆರೆಗೆ ಹೂಳು ಸೇರುತ್ತದೆ. ಅದು ಊರಿಗೆಲ್ಲಾ ನಷ್ಟ. ಆದರೆ ಮೊದಲು ಕೈತಪ್ಪುವ ಜಮೀನು ಯಾರದು? ದಲಿತ ಕುಟುಂಬಗಳಿಗೆ ಮಂಜೂರಾಗಿದ್ದು ಅನೇಕ ಕಡೆ ಇಂಥ ಕಲ್ಲುಭೂಮಿಯೇ. ಅಂದು ಯಾರಿಗೂ ಬೇಡವಾಗಿದ್ದ ಎರಡೆಕರೆ ಈಗ ಎಲ್ಲರಿಗೂ ಬೇಕು. ಓಟಿನ ಹೊತ್ತಿಗೆ ಜಾತಿ ನೆನಪಿಸುವ ಮುಖಂಡರು ದಲ್ಲಾಳಿ ಬಂದಾಗ ಕಾಣುವುದೇ ಇಲ್ಲ!

1978ರ ಪಿಟಿಸಿಎಲ್ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ ಆ ಕ್ರಯ ನಿಲ್ಲುವುದಿಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜಮೀನು ವಾಪಸ್ ಕೇಳಬಹುದು. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಆದರೂ ತೀರಾ ತಡ ಮಾಡಿದರೆ ಕೋರ್ಟಿನಲ್ಲಿ ತೊಡಕಾಗುತ್ತೆ. ಸಾಗುವಳಿ ಚೀಟಿ, ಪಹಣಿ ಹುಡುಕಿ ತೆಗೆದಿಡಿ. ಸಂಘದಲ್ಲಿ ಓದಿಸಿ ತಿಳಿದುಕೊಳ್ಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.