ಮೋಟಾರಿನ ಕಂಠಶುದ್ಧಿ

ಮನುಷ್ಯನಿಗೆ ಕಂಠವಿರುವಂತೆ ಮೋಟಾರಿಗೆ ಹಾರ್ನು. ಬೇಡದಲ್ಲಿ ಅರಚುವ ಹಾರ್ನಿನ ಉಪದ್ರವವನ್ನು ನಾವೆಲ್ಲರೂ ದಿನನಿತ್ಯ ಅನುಭವಿಸುತ್ತಿರುವೆವು. ಅದನ್ನು ನಿಂದಿಸಿ ಬರೆಯುವವರೂ ಅನೇಕರಿರುವರು. ಬೇಕಾದಲ್ಲಿ ಕೂಗಲಾರದ ಹಾರ್ನಿನ ಮಾತನ್ನು ಎತ್ತುವವರು ವಿರಳ. ಕಳೆದ ಆಷಾಢದಲ್ಲಿ ನಮಗೆ ಒದಗಿದ ಒಂದು ಪ್ರಸಂಗದಿಂದ ಈ ವಿಷಯವು ನಮ್ಮ ಮನಸ್ಸಿನಲ್ಲಿ ನೆಟ್ಟು ನಿಂತಿತು. ಮನೆಯಲ್ಲಿ ವಾಹನವುಳ್ಳ ಗೃಹಸ್ಥರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿವೇದಿಸುವೆವು.

ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥನು. ಇಬ್ಬರೇ ಕುಳಿತುಕೊಳ್ಳತಕ್ಕ, ನೆಲಕ್ಕೆ ಅಂಟಿದಂತೆ ತಗ್ಗಾದ, ಫೈಬರ್ ಮೈಯ ಹಳೆಯ ಸ್ಪೋರ್ಟ್ಸ್ ಕಾರೊಂದು ಅವನಲ್ಲಿ ಉಂಟು. ಅದನ್ನು ಬೈಂದೂರಿನ ಬಳಿ ಕಡಲ ಕಡೆಗಿರುವ ಹಿರಿಯರ ಮನೆಯಲ್ಲಿ ಇರಿಸಿ, ರಜೆಗೆ ಬಂದಾಗ ಓಡಿಸುವುದು ಅವನ ಪದ್ಧತಿ. ಆ ದಿನ ಅವನು ಬ್ರಹ್ಮಾವರಕ್ಕೆ ಬಂದು, ತಂಗಿಯ ಮನೆಗೆ ಕರೆದೊಯ್ಯುವುದಕ್ಕಾಗಿ ನಮ್ಮನ್ನು ಆ ಕಾರಿನಲ್ಲಿ ಕುಳ್ಳಿರಿಸಿಕೊಂಡನು. ಕುಂದಾಪುರ, ಹೆಮ್ಮಾಡಿ, ತ್ರಾಸಿಗಳನ್ನು ದಾಟಿ ಮರವಂತೆಗೆ ಬಂದೆವು. ಪಡುವಲಲ್ಲಿ ಕಡಲು, ಮೂಡಲಲ್ಲಿ ಸೌಪರ್ಣಿಕಾ ನದಿ, ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ. ಮಳೆಗಾಲದಲ್ಲಿ ಅಲ್ಲಿ ತೆರೆಗಳ ಮೊರೆತದ ಮುಂದೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು.

ಗಾಳಿಗೆ ಇದಿರಾಗಿ ಕೊಡೆಯನ್ನು ಬಾಗಿಸಿ ಹಿಡಿದಿದ್ದ ಒಬ್ಬ ವೃದ್ಧೆಯು ನಮ್ಮ ಕಡೆಗೆ ನೋಡದೆ ರಸ್ತೆಗೆ ಇಳಿದಳು. ಹುಡುಗನು ಹಾರ್ನನ್ನು ಒತ್ತಿದನು. ನೆಗಡಿಯಾದ ಆಡಿನ ಮರಿ ಅರಚಿದಂತಹ ಒಂದು ಸದ್ದು ಹೊರಟು, ಗಾಳಿಯಲ್ಲಿ ಅಡಗಿಹೋಯಿತು. ಬ್ರೇಕು ಒತ್ತಿ ಗಾಡಿ ನಿಂತಾಗ ಅವಳಿಗೂ ನಮಗೂ ನಡುವೆ ಎರಡು ಮೊಳದ ಅಂತರವಿತ್ತು. ಅವಳು ಕೊಡೆಯನ್ನೆತ್ತಿ ನಮ್ಮನ್ನು ಕಂಡು, ಎದೆಯ ಮೇಲೆ ಕೈಯಿಟ್ಟುಕೊಂಡು, “ಎಂತದೂ ಕೇಣ್ಲಿಲ್ಲೆ ಮಗಾ” ಎಂದಳು. ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಅಂತಹ ಸ್ಥಳದಲ್ಲಿ ಅವನು ಇನ್ನಷ್ಟು ನಿಧಾನವಾಗಿ ಬರಬೇಕಾಗಿತ್ತೆಂಬುದು ನಿಜವೇ. ಅದನ್ನು ಅವನಿಗೆ ಹೇಳಿಯೂ ಹೇಳಿದೆವು.

ಸ್ವಲ್ಪ ದೂರ ಹೋದ ಬಳಿಕ, “ನಾಳೆಯೇ ದೊಡ್ಡದೊಂದು ಏರ್ ಹಾರ್ನ್ ಹಾಕಿಸ್ತೆ ಮಾವ” ಎಂದನು. ಆಗ ನಮಗೆ ನಮ್ಮ ಶಾಲೆಯ ದಿನಗಳು ನೆನಪಾದವು. ಬಹುಕಾಲದ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. ಪಾಠ ಒಪ್ಪಿಸುವಾಗ ಅವನ ದನಿ ಮೂರನೆಯ ಬೆಂಚನ್ನೂ ಮುಟ್ಟುತ್ತಿರಲಿಲ್ಲ. “ಗಟ್ಟಿಯಾಗಿ ಹೇಳು” ಎಂದು ನಾವು ಅವನನ್ನು ಎಷ್ಟೋ ಸಲ ಗದರಿಸಿದೆವು. ಅವನು ಬೆಳಿಗ್ಗೆ ಏನನ್ನೂ ತಿನ್ನದೆ ಎರಡು ಮೈಲು ನಡೆದು ಬರುವನೆಂದು ತಿಳಿದದ್ದು ಅರ್ಧ ವರ್ಷ ಕಳೆದ ಮೇಲೆ. ಅಂದಿನ ನಮ್ಮ ಗದರಿಕೆಯನ್ನು ನೆನೆದರೆ ಈಗಲೂ ನಾಚಿಕೆಯಾಗುವುದು. ಆದುದರಿಂದ ಹುಡುಗನಿಗೆ, “ಹೊಸದನ್ನು ಕೊಳ್ಳುವ ಮೊದಲು ಇದಕ್ಕೆ ಏನಾಗಿದೆಯೆಂದು ಕೇಳುವ” ಎಂದೆವು.

ಮರುದಿನ ಕುಂದಾಪುರದಲ್ಲಿ ಮೋಟಾರುಗಳ ವಿದ್ಯುತ್ ಕೆಲಸದಲ್ಲಿ ಪಳಗಿದ ಒಬ್ಬ ಹಿರಿಯರ ಬಳಿಗೆ ಹೋದೆವು. ಅವರು ಬಂಪರಿನ ಹಿಂದೆ ಕೈಯಿಟ್ಟು ಹಾರ್ನನ್ನು ಬಿಚ್ಚಿ, ಎರಡು ತಂತಿಗಳಿಂದ ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರು. ನಾವು ಬೆಚ್ಚಿಬೀಳುವಂತೆ ಅದು ಕೂಗಿತು. “ಹಾರ್ನಿಂದ್ ಎಂತದೂ ತಪ್ಪಿಲ್ಲೆ ಮಾಸ್ಟ್ರೇ, ಇದ್ಕೆ ಅರ್ಥ್ ಇಲ್ಲೆ” ಎಂದರು. ಸಂಸ್ಕೃತವನ್ನು ಓದಿಕೊಂಡ ನಮಗೆ ಒಂದು ಕ್ಷಣ ದಿಗ್ಭ್ರಮೆಯಾಯಿತು. ಶಬ್ದಾರ್ಥಗಳು ಅಗಲದ ಜೋಡಿಯೆಂದು ನಾವು ಕಲಿತವರು, ಕಲಿಸಿದವರು. ಅರ್ಥವಿಲ್ಲದ್ದರಿಂದ ಶಬ್ದ ಹೊರಡದೆಂಬ ತತ್ತ್ವವನ್ನು ಈ ಪುಣ್ಯಾತ್ಮರು ಎಲ್ಲಿ ಸಂಪಾದಿಸಿದರೆಂದು ಬೆರಗಾದೆವು. ಬಳಿಕ ತಿಳಿಯಿತು, ಅವರು ಹೇಳಿದ್ದು ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವ ಹಾದಿಯಾದ ಅರ್ಥಿಂಗಿನ ವಿಷಯ!

ಇದನ್ನು ಅರಿಯಲು ಹಾರ್ನಿನ ರಚನೆಯನ್ನು ಸ್ವಲ್ಪ ತಿಳಿಯತಕ್ಕದ್ದು. ಹಿಂದಿನ ಕಾಲದ ಮೋಟಾರುಗಳಲ್ಲಿ ರಬ್ಬರಿನ ಉಂಡೆಯನ್ನು ಹಿಸುಕಿದರೆ ಕೂಗುವ ಹಿತ್ತಾಳೆಯ ಕಹಳೆ ಇತ್ತು. ವಿದ್ಯುತ್ತಿನ ಹಾರ್ನು ಅದರ ಸ್ಥಾನವನ್ನು ಆಕ್ರಮಿಸಿತು. ಜರ್ಮನಿಯ ಬಾಷ್ ಸಂಸ್ಥೆಯು ತನ್ನ ಹಾರ್ನನ್ನು ಹೊರತಂದದ್ದು 1921ರಲ್ಲಿ. ಇಂದಿನ ಸಾಮಾನ್ಯ ಹಾರ್ನಿನೊಳಗೆ ತಂತಿಯ ಸುರುಳಿಯೊಂದು, ಅದರ ಮುಂದೆ ಉಕ್ಕಿನ ತೆಳು ತಗಡೊಂದು ಇರುವುವು. ವಿದ್ಯುತ್ತು ಹರಿದೊಡನೆ ಸುರುಳಿಯು ಅಯಸ್ಕಾಂತವಾಗಿ ತಗಡನ್ನು ಸೆಳೆಯುವುದು. ತಗಡು ಒಳಕ್ಕೆ ಸರಿದಾಗ ಅಲ್ಲಿರುವ ಪುಟ್ಟ ಸಂಪರ್ಕವು ತಾನೇ ಬಿಡಿಸಿಕೊಂಡು ಪ್ರವಾಹವು ನಿಲ್ಲುವುದು. ಕೂಡಲೇ ತಗಡು ಹಿಂದಕ್ಕೆ ಚಿಮ್ಮುವುದು, ಸಂಪರ್ಕವು ಪುನಃ ಕೂಡುವುದು. ಒಂದು ಸೆಕೆಂಡಿನಲ್ಲಿ ಇದು ಸುಮಾರು 300ರಿಂದ 500 ಸಲ ನಡೆಯುವುದು. ಆ ಕಂಪನವೇ ನಾವು ಕೇಳುವ ದನಿ. ಅನೇಕ ಕಾರುಗಳಲ್ಲಿ ಮಂದ್ರದ್ದೊಂದು, ತಾರದ್ದೊಂದು, ಹೀಗೆ ಎರಡು ಹಾರ್ನುಗಳು ಜೊತೆಯಾಗಿ ಕೂಗುವುವು.

ತಗಡನ್ನು ಬಲವಾಗಿ ಸೆಳೆಯಲು ತಕ್ಕಷ್ಟು ವಿದ್ಯುತ್ತು ಬೇಕು. ಒಂದೊಂದು ಹಾರ್ನು ಸಾಧಾರಣವಾಗಿ 3ರಿಂದ 5 ಆಂಪಿಯರ್ ಪ್ರವಾಹವನ್ನು ಎಳೆಯುವುದು. ಹಾದಿಯಲ್ಲಿ ತಡೆಯಿದ್ದರೆ ವೋಲ್ಟೇಜು ಅಲ್ಲಿಯೇ ಸೋರಿಹೋಗುವುದೆಂಬ ನಿಯಮವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಗೇಯೋರ್ಗ್ ಓಮ್ ಮಹಾಶಯನು ನಮ್ಮಂತೆಯೇ ಶಾಲಾ ಉಪಾಧ್ಯಾಯನಾಗಿದ್ದವನು. ಅವನ ಲೆಕ್ಕ ಬಹಳ ಸುಲಭ. ಎರಡು ಹಾರ್ನುಗಳಿಗೆ 9 ಆಂಪಿಯರ್ ಹರಿಯುವಾಗ ಓಮಿನ ಮೂರನೆಯ ಒಂದು ಪಾಲಿನಷ್ಟು ತಡೆ ದಾರಿಯಲ್ಲಿದ್ದರೆ 3 ವೋಲ್ಟ್ ನಷ್ಟ. ಬ್ಯಾಟರಿಯಲ್ಲಿ 12 ಇದ್ದರೂ ಹಾರ್ನಿಗೆ ದಕ್ಕುವುದು 9. ನಮ್ಮ ಬಾಲಕನ ಉಪವಾಸವೇ ಇದು.

ಅಷ್ಟು ತಡೆ ಬರುವುದೆಲ್ಲಿಂದ? ನಮ್ಮ ಕರಾವಳಿಯಲ್ಲಿ ಅದಕ್ಕೆ ಉತ್ತರ ಕಣ್ಣೆದುರಿಗೇ ಇದೆ. ಕಡಲ ಗಾಳಿಯಲ್ಲಿ ಉಪ್ಪು. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ. ಉಪ್ಪಿನ ತೇವವು ತಂತಿಯ ತುದಿಗಳಲ್ಲಿ ಕುಳಿತು ತಾಮ್ರಕ್ಕೆ ಕಿಲುಬನ್ನೂ ಕಬ್ಬಿಣಕ್ಕೆ ತುಕ್ಕನ್ನೂ ಹಿಡಿಸುವುದು. ಉಕ್ಕಿನ ಮೈಯ ಕಾರುಗಳಲ್ಲಿ ಆ ಮೈಯೇ ವಿದ್ಯುತ್ತು ಹಿಂದಿರುಗುವ ಹಾದಿ. ಫೈಬರಿನಲ್ಲಿ ವಿದ್ಯುತ್ತು ಹರಿಯದಾದುದರಿಂದ ಅಂತಹ ಕಾರಿನಲ್ಲಿ ಇದಕ್ಕಾಗಿ ಬೇರೆ ತಂತಿಯನ್ನೇ ಎಳೆದಿರುವರು. ನಮ್ಮ ಹುಡುಗನ ಕಾರಿನಲ್ಲಿ ಆ ತಂತಿಯ ತುದಿಯು ಹಸುರು ಪುಡಿಯಾಗಿ, ಒಂದೆರಡು ಎಳೆಗಳ ಮೇಲೆ ನೇತಾಡುತ್ತಿತ್ತು. ಸ್ಪೋರ್ಟ್ಸ್ ಕಾರುಗಳಲ್ಲಿ ಮುಂಭಾಗವು ತಗ್ಗು, ಸ್ಥಳವು ಕಡಿಮೆ. ಹಾರ್ನು ಬಂಪರಿನ ಹಿಂದೆ ಕೆಸರುನೀರು ಎರಚುವಲ್ಲಿಯೇ ಇರುವುದುಂಟು. ಕಾರು ತಗ್ಗಾದಷ್ಟೂ ಲಾರಿ ಬಸ್ಸುಗಳವರ ಕಣ್ಣಿಗೆ ಬೀಳುವುದು ಕಡಿಮೆ; ಹಾಗಾಗಿ ಹಾರ್ನಿನ ಅಗತ್ಯವು ಅವುಗಳಿಗೆ ಇನ್ನೂ ಹೆಚ್ಚು.

ಆ ಹಿರಿಯರು ನಮಗೆ ತೋರಿಸಿಕೊಟ್ಟ ಕ್ರಮವನ್ನು ಹೇಳುವೆವು. ಮೊದಲು ಎಂಜಿನ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ ಹಾರ್ನನ್ನು ಒತ್ತಿ ಕೇಳಬೇಕು. ಓಡುವಾಗ ಮಾತ್ರ ದನಿಯು ಬಹಳ ಏರಿದರೆ ದೋಷವು ಬ್ಯಾಟರಿಯಲ್ಲಿರಬಹುದು. ಎರಡು ಹಾರ್ನುಗಳಿದ್ದಲ್ಲಿ ಒಂದೊಂದರ ತಂತಿಯನ್ನು ಬಿಡಿಸಿ, ಎರಡೂ ಜೀವಂತವಾಗಿವೆಯೇ ಎಂದು ನೋಡಬೇಕು. ಒಂದು ಮೂಕವಾಗಿರುವುದು ಬಹು ಸಾಮಾನ್ಯ. ಆಮೇಲೆ ಒಬ್ಬರು ಒತ್ತಿ ಹಿಡಿದಿರಲು, ಇನ್ನೊಬ್ಬರು ಮಲ್ಟಿಮೀಟರಿನಿಂದ ಹಾರ್ನಿನ ಎರಡು ತುದಿಗಳ ನಡುವೆ ವೋಲ್ಟೇಜನ್ನು ಅಳೆಯಬೇಕು. ಅದು ಬ್ಯಾಟರಿಯ ವೋಲ್ಟೇಜಿಗಿಂತ ಒಂದೆರಡು ವೋಲ್ಟ್ ಕಡಿಮೆಯಾಗಿ ಕಂಡರೆ ದಾರಿಯಲ್ಲಿ ಕಳ್ಳನಿದ್ದಾನೆಂದೇ ತಿಳಿಯಬೇಕು. ಹೋಗುವ ಹಾದಿಯನ್ನೂ ಹಿಂದಿರುಗುವ ಹಾದಿಯನ್ನೂ ಬೇರೆಬೇರೆಯಾಗಿ ಅಳೆದರೆ ಅವನು ಸಿಕ್ಕಿಬೀಳುವನು.

ಚಿಕಿತ್ಸೆಯು ಅಗ್ಗದ್ದು. ಬ್ಯಾಟರಿಯ ಸಂಪರ್ಕವನ್ನು ಬಿಡಿಸಿಕೊಂಡು, ಕಿಲುಬು ಹಿಡಿದ ತುದಿಗಳನ್ನು ಸ್ಯಾಂಡ್ ಪೇಪರಿನಿಂದ ಬೆಳಗಿ, ಕೊಳೆತ ತಂತಿಯನ್ನು ಕತ್ತರಿಸಿ ತೆಗೆದು, ಹೊಸ ತುದಿಯನ್ನು ಭದ್ರವಾಗಿ ಕೂರಿಸಿ, ಮೇಲೆ ವ್ಯಾಸಲೀನನ್ನು ಬಳಿದರೆ ಉಪ್ಪಿಗೆ ಎಡೆಯಿರದು. ಹಾರ್ನಿನ ಬಾಯಿಯು ಕೆಳಮುಖವಾಗಿದ್ದರೆ ನೀರು ಒಳಗೆ ನಿಲ್ಲದು. ಕೆಲವು ಹಾರ್ನುಗಳ ಬೆನ್ನಿನಲ್ಲಿ ದನಿಯನ್ನು ಹದಗೊಳಿಸುವ ಒಂದು ಸ್ಕ್ರೂ ಉಂಟು. ಅದನ್ನು ಕಾಲು ಸುತ್ತಿಗಿಂತ ಹೆಚ್ಚಾಗಿ ಒಂದೇ ಸಲ ತಿರುಗಿಸಬಾರದು.

ಹಳೆಯ ಕೆಲವು ಕಾರುಗಳಲ್ಲಿ ಹಾರ್ನಿನ ಪ್ರವಾಹವೆಲ್ಲ ಸ್ಟೀರಿಂಗಿನ ಗುಂಡಿಯ ಮೂಲಕವೇ ಹರಿಯುವುದು. ಅಂತಹವಕ್ಕೆ ರಿಲೇ ಎಂಬ ಪುಟ್ಟ ಪೆಟ್ಟಿಗೆಯನ್ನು ಜೋಡಿಸುವುದು ಉತ್ತಮ. ಗುಂಡಿಯು ರಿಲೇಗೆ ಸನ್ನೆಯನ್ನು ಮಾತ್ರ ಕೊಡುವುದು. ರಿಲೇಯು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ಹಾರ್ನಿಗೆ ನೇರವಾಗಿ ಬಡಿಸುವುದು. ಸಾಮಾನ್ಯ ರಿಲೇಯಲ್ಲಿ 30 ಎಂಬ ತುದಿಗೆ ಬ್ಯಾಟರಿಯ ತಂತಿ, 87ಕ್ಕೆ ಹಾರ್ನಿನ ತಂತಿ, 85 ಮತ್ತು 86ಕ್ಕೆ ಸನ್ನೆಯ ತಂತಿಗಳು. ಬ್ಯಾಟರಿಯ ಸಮೀಪದಲ್ಲಿಯೇ ತಕ್ಕ ಫ್ಯೂಸನ್ನು ಹಾಕದೆ ಈ ಕೆಲಸವನ್ನು ಮಾಡಲೇಬಾರದು; ತಂತಿಯು ಎಲ್ಲಿಯಾದರೂ ಉಜ್ಜಿ ಹರಿದರೆ ಬೆಂಕಿಯ ಭಯವುಂಟು. ಇನ್ನೊಂದು ಮುಖ್ಯವಾದ ಎಚ್ಚರಿಕೆ. ಈಚಿನ ಕಾರುಗಳ ಸ್ಟೀರಿಂಗಿನೊಳಗೆ ಏರ್‌ಬ್ಯಾಗ್ ಇರುವುದರಿಂದ ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸಕ್ಕೆ ಯಾರೂ ಕೈಹಾಕದಿರಲಿ.

ಇನ್ನು ಏರ್ ಹಾರ್ನಿನ ಮಾತು. ಹಲವು ಸ್ವರಗಳಲ್ಲಿ ಹಾಡುವ ಹಾರ್ನನ್ನೂ, ಕರ್ಕಶವಾಗಿ ಅರಚಿ ಗಾಬರಿಗೊಳಿಸುವ ಹಾರ್ನನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮವು ನಿಷೇಧಿಸಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರು ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿಯೂ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಜನವಸತಿಯ ಪ್ರದೇಶಗಳಲ್ಲಿಯೂ ತುರ್ತು ಸಂದರ್ಭದ ಹೊರತು ಹಾರ್ನನ್ನು ಬಳಸಕೂಡದೆಂದು 2010ರ ತಿದ್ದುಪಡಿಯು ವಿಧಿಸಿತು. ಅನಾವಶ್ಯಕವಾಗಿ ಹಾರ್ನು ಬಾರಿಸಿದವನಿಗೆ ಮೊದಲ ಸಲ 1000, ಮರುಕಳಿಸಿದರೆ 2000 ರೂಪಾಯಿ ದಂಡವನ್ನು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಹೇಳಿದೆ. ದಂಡದ ಮಾತು ಹಾಗಿರಲಿ. ಎರಡು ಮೊಳದ ಅಂತರದಲ್ಲಿ ಆ ವೃದ್ಧೆಯ ಕಿವಿಗೆ ಏರ್ ಹಾರ್ನು ಬಡಿದಿದ್ದರೆ ಅವಳು ಹಿಂದೆ ಸರಿಯುತ್ತಿದ್ದಳೋ, ಭ್ರಮೆಗೊಂಡು ಮುಂದಕ್ಕೆ ಓಡುತ್ತಿದ್ದಳೋ ಹೇಳಬಲ್ಲವರಾರು?

ಹುಡುಗನು ಏರ್ ಹಾರ್ನಿನ ವಿಚಾರವನ್ನು ಬಿಟ್ಟನು. ಹೊಸ ಅರ್ಥಿಂಗ್ ತಂತಿ, ರಿಲೇ, ಫ್ಯೂಸು, ಇಷ್ಟನ್ನೇ ಹಾಕಿಸಿಕೊಂಡು ಸಂಜೆ ಹಿಂದಿರುಗಿದೆವು. ಮರವಂತೆಯಲ್ಲಿ ಅದೇ ಗಾಳಿ, ಅದೇ ಮೊರೆತ. ಅವನು ವೇಗವನ್ನು ತಗ್ಗಿಸಿ, ರಸ್ತೆಯಂಚಿನಲ್ಲಿ ಬೆನ್ನು ಹಾಕಿ ನಿಂತಿದ್ದ ಇಬ್ಬರು ಶಾಲಾ ಮಕ್ಕಳನ್ನು ಕಂಡು ದೂರದಿಂದಲೇ ಒಮ್ಮೆ ಗುಂಡಿಯನ್ನು ಮುಟ್ಟಿದನು. ಅವರಿಬ್ಬರೂ ತಿರುಗಿ ನೋಡಿ ಒಳಕ್ಕೆ ಸರಿದು ನಿಂತರು. ಎರಡನೆಯ ಸಲ ಒತ್ತುವ ಪ್ರಮೇಯವೇ ಬರಲಿಲ್ಲ.

ನಮ್ಮ ಸೀಮೆಯಲ್ಲಿ ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಸರಿಪಡಿಸುವುದು, ಸೌದೆಯನ್ನು ಒಳಗೆ ಸೇರಿಸುವುದು, ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಡಬ್ಬಿಗೆ ತುಂಬುವುದು ಮುಂತಾದ ಕೆಲಸಗಳು ಇದ್ದೇ ಇರುವುವು. ಮನೆಯಲ್ಲಿ ವಾಹನವಿರುವವರು ಹಾರ್ನಿನ ತಂತಿಗಳ ತುದಿಯನ್ನು ಪರೀಕ್ಷಿಸುವುದನ್ನೂ ಅವುಗಳ ಜೊತೆಗೆ ಸೇರಿಸಿಕೊಂಡರೆ ಅರ್ಧ ಗಂಟೆಯ ಹೊತ್ತೂ ಹಿಡಿಯದು. ಮಳೆ ಕಳೆದ ಬಳಿಕ, ನವರಾತ್ರಿಯಲ್ಲಿ ವಾಹನಕ್ಕೆ ಪೂಜೆ ಮಾಡುವ ದಿನ, ಹೂವಿನ ಮಾಲೆಯನ್ನು ತೊಡಿಸುವುದಕ್ಕೆ ಮುಂಚೆ ಇನ್ನೊಮ್ಮೆ ನೋಡಿದರೆ ಸಾಕು.