ಶಿವಮೊಗ್ಗೆ–ಭದ್ರಾವತಿಯ ಉತ್ಸವಗಳು: ಬರುವವರಿಗೆ ನಾಲ್ಕು ಮಾತು

2023ರ ಮಾರ್ಚ್ ತಿಂಗಳಲ್ಲಿ ಬಳ್ಳಾರಿಯ ನನ್ನ ಷಡ್ಡಕರು ತಮ್ಮ ವೃದ್ಧ ತಾಯಿಯನ್ನು ಕರೆದುಕೊಂಡು ಶಿವಮೊಗ್ಗೆಗೆ ಬಂದಿಳಿದರು. ಹಿಂದಿನ ವರುಷ ಕೋಟೆ ಮಾರಿಕಾಂಬೆಯ ಜಾತ್ರೆಯನ್ನು ಕಂಡು ಮೆಚ್ಚಿ ಹೋಗಿದ್ದ ಅವರಿಗೆ, ಅದನ್ನು ತಾಯಿಗೂ ತೋರಿಸಬೇಕೆಂಬ ಆಸೆ. ಕೋಟೆ ರಸ್ತೆಗೆ ಹೋಗಿ ನೋಡಿದರೆ ಚಪ್ಪರವಿಲ್ಲ, ಬಳೆಯಂಗಡಿಗಳ ಸಾಲಿಲ್ಲ. “ಏನು ಮೇಷ್ಟರೇ, ನಿಮ್ಮೂರ ಜಾತ್ರೆ ಎಲ್ಲಿ ಹೋಯಿತು?” ಎಂದು ಕೇಳಿದರು. ಜಾತ್ರೆ ಎಲ್ಲಿಗೂ ಹೋಗಿರಲಿಲ್ಲ. ಅದು ಎರಡು ವರುಷಕ್ಕೊಮ್ಮೆ ನಡೆಯತಕ್ಕದ್ದು. ಊರಿನವನಾದ ನನಗೆ ಇದು ಎಷ್ಟು ಸಹಜವಾದ ಸಂಗತಿಯಾಗಿತ್ತೆಂದರೆ, ಹಿಂದಿನ ವರುಷ ಅವರಿಗೆ ಹೇಳಬೇಕೆಂದೇ ತೋರಿರಲಿಲ್ಲ. ಆ ತಾಯಿ 2024ರ ಜಾತ್ರೆಯನ್ನು ನೋಡುವುದಕ್ಕೆ ಉಳಿಯಲಿಲ್ಲ. ಒಂದು ಮಾತು ಮೊದಲೇ ಆಡಿದ್ದರೆ 2022ರಲ್ಲಿಯೇ ಅವರನ್ನು ಕರೆತರಬಹುದಾಗಿತ್ತಲ್ಲ ಎಂಬ ಕೊರಗು ನನಗುಂಟು. ಆದುದರಿಂದ ಈ ಲೇಖನ.

ನಮ್ಮ ಉತ್ಸವಗಳೆಲ್ಲ ಒಂದೇ ಲೆಕ್ಕಕ್ಕೆ ಒಳಪಟ್ಟವಲ್ಲ. ಯಾವ ಹಬ್ಬ ಯಾವ ಲೆಕ್ಕದ್ದೆಂದು ತಿಳಿದರೆ, ಬರುವವರಿಗೆ ಅರ್ಧ ಶ್ರಮ ಕಳೆದಂತೆ.

ಮೊದಲನೆಯದು ತಿಥಿಯ ಲೆಕ್ಕ. ಚಾಂದ್ರಮಾನ ವರುಷಕ್ಕೆ ಸುಮಾರು 354 ದಿನ. ಕ್ಯಾಲೆಂಡರಿನ ವರುಷಕ್ಕೆ 365 ದಿನ. ಹೀಗಾಗಿ ತಿಥಿಯನ್ನು ಅನುಸರಿಸುವ ಹಬ್ಬ ವರುಷ ವರುಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಎರಡು ಮೂರು ವರುಷಕ್ಕೊಮ್ಮೆ ಅಧಿಕಮಾಸ ಬಂದು ಅದನ್ನು ಮತ್ತೆ ಮುಂದಕ್ಕೆ ನೂಕುತ್ತದೆ. ವಿಜಯದಶಮಿಯನ್ನೇ ನೋಡಿ: 2023ರಲ್ಲಿ ಅಕ್ಟೋಬರ್ 24, 2024ರಲ್ಲಿ 12, 2025ರಲ್ಲಿ 2. ಅಧಿಕ ಜ್ಯೇಷ್ಠವಿರುವ 2026ರಲ್ಲಿ ಮತ್ತೆ ಅಕ್ಟೋಬರ್ 20ರ ಸುಮಾರು. ಕಳೆದ ವರುಷದ ತಾರೀಖನ್ನು ನಂಬಿ ರೈಲಿನ ಟಿಕೆಟು ಕೊಂಡವರು ಮೋಸಹೋಗುವುದು ಇಲ್ಲಿಯೇ.

ಶಿವಮೊಗ್ಗೆಯ ದಸರೆ ಈ ಲೆಕ್ಕದ್ದು. ಮಹಾನಗರಪಾಲಿಕೆಯವರು ನಡೆಸುವ ಈ ನಾಡಹಬ್ಬದಲ್ಲಿ ಮಕ್ಕಳ ದಸರೆ, ಮಹಿಳಾ ದಸರೆ, ರೈತ ದಸರೆ, ಕವಿಗೋಷ್ಠಿ, ನಾಟಕಗಳೆಂದು ದಿನಕ್ಕೊಂದು ಬಗೆ. ಕೊನೆಯ ದಿನ ಚಾಮುಂಡೇಶ್ವರಿಯ ಮೆರವಣಿಗೆ ಕೋಟೆಯ ಶಿವಪ್ಪನಾಯಕನ ಅರಮನೆಯ ಬಳಿಯಿಂದ ಹೊರಡುತ್ತದೆ. ಆನೆಗಳು ಬರುವುದು ತೀರ್ಥಹಳ್ಳಿಯ ದಾರಿಯಲ್ಲಿರುವ ಸಕ್ರೆಬೈಲಿನ ಬಿಡಾರದಿಂದ. 2023ರಲ್ಲಿ ಹೀಗೆ ಬಂದಿದ್ದ ಹೆಣ್ಣಾನೆಯೊಂದು ಮೆರವಣಿಗೆಯ ಹಿಂದಿನ ರಾತ್ರಿ ಊರಿನಲ್ಲಿಯೇ ಮರಿ ಹಾಕಿತು. ಆ ವರುಷ ದೇವಿ ವಾಹನದಲ್ಲಿ ಬಿಜಯಂಗೈದಳು. ಆನೆಯ ಮೇಲಿನ ಅಂಬಾರಿ ಕಾಣಲಿಲ್ಲವೆಂದು ಬೇಸರಪಟ್ಟವರಿಗಿಂತ, ಮರಿಯ ಸುದ್ದಿ ಕೇಳಿ ಸಂತೋಷಪಟ್ಟವರೇ ಹೆಚ್ಚು. ಚೈತ್ರದಲ್ಲಿ ಕೋಟೆಯ ಸೀತಾರಾಮಾಂಜನೇಯ ದೇವಾಲಯದ ರಾಮನವಮಿಯ ರಥೋತ್ಸವ, ಭಾದ್ರಪದದಲ್ಲಿ ಗಣಪತಿಯ ಉತ್ಸವಗಳು ಇವೂ ತಿಥಿಯ ಹಬ್ಬಗಳೇ.

ಎರಡನೆಯದು ವಾರದ ಲೆಕ್ಕ. ಮಾರಿಕಾಂಬೆಯ ಜಾತ್ರೆ ಐದು ದಿನದ್ದು, ಮಂಗಳವಾರ ಆರಂಭ. 2022ರಲ್ಲಿ ಮಾರ್ಚ್ 22, 2024ರಲ್ಲಿ ಮಾರ್ಚ್ 12, ಎರಡೂ ಮಂಗಳವಾರಗಳೇ. ಮೊದಲ ದಿನ ದೇವಿ ಗಾಂಧಿಬಜಾರಿನಲ್ಲಿ ಪೂಜೆಗೊಳ್ಳುತ್ತಾಳೆ. ಅದು ಆಕೆಯ ತವರುಮನೆಯೆಂದು ಜನರ ನಂಬಿಕೆ. ಹೆಣ್ಣುಮಕ್ಕಳು ಮಡಿಲಕ್ಕಿ ತುಂಬಲು ಸಾಲುಗಟ್ಟಿ ನಿಲ್ಲುತ್ತಾರೆ. ಅನಂತರ ಕೋಟೆಯ ಗದ್ದುಗೆಗೆ ಪ್ರಯಾಣ. ಕೊನೆಯಲ್ಲಿ ದೇವಿಯನ್ನು ವನಕ್ಕೆ ಬೀಳ್ಕೊಡುವರು. ಐದು ದಿನಗಳಲ್ಲಿ ಒಂದೇ ದಿನ ಬಿಡುವಿದ್ದವರು ಮೊದಲನೆಯ ದಿನವನ್ನೇ ಆರಿಸಿಕೊಳ್ಳಲೆಂದು ನನ್ನ ಸಲಹೆ. ತವರಿನಿಂದ ಗದ್ದುಗೆಗೆ ಹೋಗುವ ಆ ನಡೆಯನ್ನು ನೋಡದೆ ಗದ್ದುಗೆಯನ್ನಷ್ಟೇ ನೋಡಿದರೆ ಕಥೆಯ ಮೊದಲ ಅಧ್ಯಾಯ ಬಿಟ್ಟಂತೆ.

ಮೂರನೆಯದು ಸೌರಮಾಸ ಮತ್ತು ನಕ್ಷತ್ರದ ಲೆಕ್ಕ. ನಗರದ ಗುಡ್ಡೇಕಲ್ಲಿನ ಬಾಲಸುಬ್ರಹ್ಮಣ್ಯಸ್ವಾಮಿಯ ಸನ್ನಿಧಿಯಲ್ಲಿ ಆಡಿ ಕೃತ್ತಿಕೆ ಜಾತ್ರೆ ನಡೆಯುತ್ತದೆ. ಆಡಿ ಎಂದರೆ ತಮಿಳರ ತಿಂಗಳು, ಸೂರ್ಯನು ಕರ್ಕಾಟಕ ರಾಶಿಯಲ್ಲಿರುವ ಕಾಲ. ಆದ್ದರಿಂದ ಈ ಜಾತ್ರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅವಧಿಯನ್ನು ದಾಟಿ ಹೋಗುವುದಿಲ್ಲ. ಮಲೆನಾಡಿನ ಸೋನೆಮಳೆಯಲ್ಲಿ ಕಾವಡಿ ಹೊತ್ತವರು “ಹರೋಹರ” ಎನ್ನುತ್ತ ಗುಡ್ಡವೇರುವುದು ನೋಡತಕ್ಕ ನೋಟ. ಬರುವವರು ಕೊಡೆಯನ್ನು ಮರೆಯಬಾರದು.

ಇನ್ನು ರಾಜ್ಯೋತ್ಸವ ನವೆಂಬರ್ 1, ಕ್ರಿಸ್ಮಸ್ ಡಿಸೆಂಬರ್ 25. ಇವುಗಳ ತಾರೀಖು ಅಲುಗದು. ಮುಸಲ್ಮಾನ ಬಂಧುಗಳ ವರುಷ ಶುದ್ಧ ಚಾಂದ್ರವಾದುದು. ಅಧಿಕಮಾಸವಿಲ್ಲದ ಕಾರಣ ಅವರ ಹಬ್ಬಗಳು ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ.

ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಗೆ ಹಳೆಯ ಹೆಸರು ಬೆಂಕಿಪುರ. ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ ತ್ರಿಕೂಟ. ವೈಶಾಖದಲ್ಲಿ ನರಸಿಂಹ ಜಯಂತಿಯ ವೇಳೆಗೆ ಇಲ್ಲಿ ರಥೋತ್ಸವ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿದ ಮೇಲೆ ತಮಿಳರು, ತೆಲುಗರು, ಮಲಯಾಳಿಗಳು ಇಲ್ಲಿ ನೆಲೆನಿಂತರು. ತಮ್ಮ ತಮ್ಮ ಹಬ್ಬಗಳನ್ನೂ ತಂದರು. ಅಲ್ಲಿನ ನಗರಸಭೆಯ ದಸರೆಗೆ ಬರುವ ಜನರಲ್ಲಿ ಈ ಎಲ್ಲ ಭಾಷೆಗಳನ್ನೂ ಕೇಳಬಹುದು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿದರು. ಕೆಲಸ ಹುಡುಕಿಕೊಂಡು ಬೇರೆ ಊರು ಸೇರಿದ ನನ್ನ ಹಳೆಯ ವಿದ್ಯಾರ್ಥಿಗಳು ಎದುರಾಗುವುದು ಈಗ ರಥೋತ್ಸವದಲ್ಲಿ, ಇಲ್ಲವೆ ದಸರೆಯಲ್ಲಿ. ಹೊರಗಿನವರಿಗೆ ಇದು ನೋಟ. ಅವರಿಗೆ ಮನೆಗೆ ಮರಳುವ ಒಂದು ನೆಪ.

ಪಂಚಾಂಗದಲ್ಲಿ ಸಿಗದ ಉತ್ಸವಗಳೂ ಇವೆ. 1930ರಲ್ಲಿ ಹುಟ್ಟಿದ ಶಿವಮೊಗ್ಗೆಯ ಕರ್ನಾಟಕ ಸಂಘವು ಉಪನ್ಯಾಸಗಳನ್ನೂ ವಾರ್ಷಿಕ ಪುಸ್ತಕ ಬಹುಮಾನಗಳನ್ನೂ ನಡೆಸಿಕೊಂಡು ಬಂದಿದೆ. ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿಗೆ 1943ರಲ್ಲಿ ಬೇಂದ್ರೆಯವರ, 1976ರಲ್ಲಿ ಎಸ್.ವಿ. ರಂಗಣ್ಣನವರ, 2006ರಲ್ಲಿ ಕೆ.ಎಸ್. ನಿಸಾರ್ ಅಹಮದರ ಅಧ್ಯಕ್ಷತೆಯಲ್ಲಿ ಬಂದಿತ್ತು. ತುಂಗೆಯ ಒಂದು ದಡದಲ್ಲಿ ಸಂಸ್ಕೃತದ ಮತ್ತೂರು, ಎದುರು ದಡದಲ್ಲಿ ಗಮಕದ ಹೊಸಹಳ್ಳಿ. ಹೊಸಹಳ್ಳಿಯ ಗಮಕಿ ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರುಷ ಅವರು ತೀರಿಕೊಂಡರು. ಗಮಕದ ಸಭೆಗೆ ಆನೆ ಬೇಡ, ರಥ ಬೇಡ. ಕೇಳುವ ಹತ್ತು ಜನರಿದ್ದರೆ ಸಾಕು. ಆ ಹತ್ತರಲ್ಲಿ ಒಬ್ಬರಾಗುವ ಅವಕಾಶ ಸಿಕ್ಕಿದರೆ ದಯವಿಟ್ಟು ಬಿಡಬೇಡಿ.

ಹೊರಡುವ ಮುನ್ನ ಆ ವರುಷದ ಪಂಚಾಂಗವನ್ನು ನೋಡಿ. ಅಧಿಕಮಾಸವಿದೆಯೇ ಎಂಬುದನ್ನು ಗಮನಿಸಿ. ಊರಿನಲ್ಲಿ ಪರಿಚಯದವರಿದ್ದರೆ ವಿಚಾರಿಸಿ. 1965ರಿಂದ ಭದ್ರಾವತಿಯ ಆಕಾಶವಾಣಿ ಈ ಸೀಮೆಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುತ್ತಿದೆ, ಅದಕ್ಕೂ ಕಿವಿಗೊಡಿ. ಊರಿನವರಾದ ನಮಗೂ ಒಂದು ಕರ್ತವ್ಯವುಂಟು. ಜಾತ್ರೆಗೆ ಬಂದ ನೆಂಟರನ್ನು ಬಸ್ಸು ಹತ್ತಿಸುವಾಗ “ಮತ್ತೆ ಬನ್ನಿ” ಎನ್ನುತ್ತೇವೆ. ಮತ್ತೆ ಯಾವಾಗ ಎಂಬುದನ್ನೂ ಹೇಳಿ ಕಳುಹಿಸೋಣ. ಮನೆಯಲ್ಲಿ ಹಿರಿಯರಿದ್ದರೆ ಈ ಸಲವೇ ಕರೆತನ್ನಿರೆಂದೂ ಹೇಳೋಣ.