ಹವಳದ ತೊಟ್ಟಿಗೆ ಬರುವ ಕರೆಯದ ಅತಿಥಿಗಳು

ಹೋಟೆಲಿನಲ್ಲಿ ದುಡಿದವರಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ಜಿರಲೆಯು ಬಾಗಿಲಿನಿಂದ ನಡೆದು ಬರುವುದಕ್ಕಿಂತ ತರಕಾರಿಯ ಗೋಣಿಯಲ್ಲಿ, ಸೋಡಾ ಪೆಟ್ಟಿಗೆಯ ಸಂದಿಯಲ್ಲಿ ಕುಳಿತು ಬರುವುದೇ ಹೆಚ್ಚು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯವು 1951ರಲ್ಲಿ ತೆರೆದ ಮೇಲೆ, ರಜೆಯ ದಿನ ಅಲ್ಲಿಗೆ ಹೋಗಿ ಬಣ್ಣದ ಮೀನುಗಳನ್ನು ನೋಡಿ ಬಂದ ನಮ್ಮವರು ಅನೇಕರು. ಅಂತಹ ಉಪ್ಪುನೀರಿನ ತೊಟ್ಟಿಗಳಿಗೂ ಈ ಗೋಣಿಯ ಕಾಟ ತಪ್ಪಿದ್ದಲ್ಲ.

ಮನೆಯೊಳಗೆ ಜೀವಂತ ಹವಳವನ್ನು ಬೆಳೆಸುವ ಹವ್ಯಾಸವು ಬಹುವಾಗಿ ಹಬ್ಬಿರುವುದು ಅಮೇರಿಕಾ, ಯುರೋಪುಗಳಲ್ಲಿ. (ನಮ್ಮ ದೇಶದಲ್ಲಿ ಸಮುದ್ರದ ಹವಳವನ್ನು ಕಿತ್ತು ತರುವುದು ಅಪರಾಧ. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳೂ ಸೇರಿದವು.) ಅಲ್ಲಿಯವರು ಹೊಸ ಹವಳದ ತುಂಡನ್ನು ಕೊಂಡು ತಂದಾಗ ಅದರ ಬುಡದ ಕಲ್ಲಿಗಂಟಿ ಏಪ್ಟೇಸಿಯಾ ಎಂಬ ಕಂದುಬಣ್ಣದ ಪುಟ್ಟ ಸಮುದ್ರಹೂವೂ ಬರುವುದುಂಟು. ನೋಟಕ್ಕೆ ಅದು ಸಾಧು. ಆದರೆ ತನ್ನ ಎಳೆಗಳಿಂದ ನೆರೆಯ ಹವಳವನ್ನು ಕುಟುಕುತ್ತದೆ. ಕೋಪದಿಂದ ಕೆರೆದು ತೆಗೆಯಹೊರಟರೆ ಕೆಟ್ಟೆವು! ಕಲ್ಲಿನ ಮೇಲುಳಿದ ಚೂರೊಂದೊಂದೂ ಮತ್ತೊಂದು ಏಪ್ಟೇಸಿಯಾ ಆಗಿ ಬೆಳೆಯಬಲ್ಲದು. ಆದುದರಿಂದ ಅನುಭವಸ್ಥರು ಮಾರಾಟಗಾರನು ಕೊಟ್ಟ ಬುಡದ ಬಿಲ್ಲೆಯನ್ನೇ ಕತ್ತರಿಸಿ ಬಿಸಾಡಿ, ಹವಳವನ್ನು ಹೊಸ ಬಿಲ್ಲೆಗೆ ಅಂಟಿಸುತ್ತಾರೆ.

ಇನ್ನೊಂದು ಶತ್ರು, ಅಕ್ರೋಪೋರಾ ಹವಳವನ್ನು ತಿನ್ನುವ ಚಪ್ಪಟೆ ಹುಳು. ಅದರ ಮೈಬಣ್ಣ ಹವಳದ ಬಣ್ಣದೊಡನೆ ಬೆರೆತುಹೋಗುವುದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ಔಷಧದ ನೀರಿನಲ್ಲಿ ಹವಳವನ್ನು ಕೆಲವು ನಿಮಿಷ ಅದ್ದಿ ಅಲುಗಾಡಿಸಿದರೆ ಹುಳು ಕಳಚಿ ಬೀಳುತ್ತದೆ. ಆದರೆ ಮೊಟ್ಟೆಗಳಿಗೆ ಆ ಔಷಧ ತಾಗದು. ನೀರಿನ ಉಷ್ಣತೆಗೆ ತಕ್ಕಂತೆ ಅವು ಸುಮಾರು ಹತ್ತು ದಿನದಿಂದ ಮೂರು ವಾರದೊಳಗೆ ಒಡೆಯುತ್ತವೆ. ಒಮ್ಮೆ ಅದ್ದಿ ನಿಶ್ಚಿಂತರಾದವರು ತಿಂಗಳು ಕಳೆದ ಮೇಲೆ ಬಿಳುಚಿದ ಹವಳವನ್ನು ಕಂಡು ಮರುಗುತ್ತಾರೆ. ಬೇರೆ ತೊಟ್ಟಿಯಲ್ಲಿಟ್ಟು, ವಾರಕ್ಕೊಮ್ಮೆಯಂತೆ ಅದ್ದುತ್ತ, ಭೂತಗನ್ನಡಿಯಿಂದ ಮೊಟ್ಟೆಗಳನ್ನು ಹುಡುಕಿ ಕೆರೆದು ತೆಗೆಯುವುದೇ ಸರಿಯಾದ ಕ್ರಮ. ಜಿರಲೆಯ ಮೊಟ್ಟೆಗೂಡಿನೊಡನೆ ಹೆಣಗಿದವರಿಗೆ ಈ ಲೆಕ್ಕ ಹೊಸತಲ್ಲ.

ಮೀನುಗಳಿಗೂ ಪ್ರತ್ಯೇಕ ವಾಸ ಬೇಕು. ಅವುಗಳ ಮೈಮೇಲೆ ಬಿಳಿಚುಕ್ಕೆ ತರುವ ಪರೋಪಜೀವಿಯನ್ನು ತಾಮ್ರದ ಔಷಧ ಕೊಲ್ಲುತ್ತದೆ. ಅದೇ ತಾಮ್ರವು ಹವಳಕ್ಕೂ ಸಿಗಡಿಗೂ ವಿಷ. ರೋಗವು ಒಮ್ಮೆ ದೊಡ್ಡ ತೊಟ್ಟಿಯನ್ನು ಹೊಕ್ಕರೆ ಮೀನುಗಳನ್ನೆಲ್ಲ ಹಿಡಿದು ಹೊರಗಿಟ್ಟು, ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವ ರೂಢಿಯುಂಟು. ಹವಳವೂ ಕಲ್ಲೂ ಇರುವ ತೊಟ್ಟಿಯಲ್ಲಿ ಮೀನು ಹಿಡಿಯುವ ಪಾಡು ಹಿಡಿದವನಿಗೇ ಗೊತ್ತು. ಅದಕ್ಕಾಗಿಯೇ ಬಲ್ಲವರು, ಹೊಸ ಮೀನು ಬಂದ ಚೀಲದ ನೀರಿನ ಒಂದು ಹನಿಯನ್ನೂ ತಮ್ಮ ತೊಟ್ಟಿಗೆ ಬೀಳಗೊಡದೆ ನೇರವಾಗಿ ಮೋರಿಗೆ ಸುರಿಯುತ್ತಾರೆ.